ದಾಂಪತ್ಯವೂ ಬಾಳಿನ ಕ್ಷೇಮವೂ

ಗಂಡಹೆಂಡಿರೆಂಬ ಅರ್ಥವನ್ನು ಕೊಡುವ 'ದಂಪತಿ' ಶಬ್ದವು ಸಂಸ್ಕೃತದಲ್ಲಿ ದ್ವಿವಚನದಲ್ಲಿಯೇ ಪ್ರಯೋಗವಾಗುತ್ತದೆ. ವೇದಭಾಷೆಯಲ್ಲಿ 'ದಮ್' ಎಂದರೆ ಮನೆ; 'ಪತಿ' ಎಂದರೆ ಒಡೆಯ. ಆದುದರಿಂದ ದಂಪತಿಗಳೆಂದರೆ ಒಂದು ಮನೆಯ ಇಬ್ಬರು ಒಡೆಯರು. ಒಬ್ಬನು ಒಡೆಯ, ಇನ್ನೊಬ್ಬಳು ಆಳು ಎಂಬ ಭಾವನೆಗೆ ಈ ಶಬ್ದದಲ್ಲಿ ಎಡೆಯಿಲ್ಲ. ಲೋಕವ್ಯವಹಾರದಲ್ಲಿ ಮರೆಯಾಗಿದ್ದ ಈ ಅರ್ಥವನ್ನು ಹನ್ನೆರಡನೆಯ ಶತಮಾನದ ಶಿವಶರಣರು ತಮ್ಮ ತಮ್ಮ ಮನೆಗಳಲ್ಲಿ ಬಾಳಿ ತೋರಿಸಿದರು. ಅವರಲ್ಲಿ ಬಹುಮಂದಿ ಗೃಹಸ್ಥರು. ಬಟ್ಟೆ ನೆಯ್ಯುವವರು, ಸೌದೆ ಹೊರುವವರು, ಅಕ್ಕಿ ಆಯುವವರು, ಚರ್ಮ ಹದಮಾಡುವವರು ಹೆಂಡಿರು ಮಕ್ಕಳೊಡನೆ ಇದ್ದುಕೊಂಡೇ ಲಿಂಗಾಂಗ ಸಾಮರಸ್ಯವನ್ನು ಸಾಧಿಸಿದರು.

ಮನುಷ್ಯನ ಆಯುಷ್ಯವು ಒಂದೇ ಸಮನಾಗಿ ಹರಿಯುವ ಕಾಲುವೆಯಲ್ಲ. ಒಲವು, ಮದುವೆ, ಮಕ್ಕಳ ಜನನ, ಮಗಳ ಅಗಲಿಕೆ, ಅಣ್ಣತಮ್ಮಂದಿರ ಹಿಸೆ, ಸಂಗಾತಿಯ ಮರಣ, ಮುಪ್ಪು, ಇವೆಲ್ಲವೂ ಅದರ ತಿರುವುಗಳು. ಒಂದೊಂದು ತಿರುವಿನಲ್ಲಿಯೂ ದೇಹಕ್ಕೂ ಮನಸ್ಸಿಗೂ ಪೆಟ್ಟು ಬೀಳುವುದುಂಟು, ಬಲ ಬರುವುದೂ ಉಂಟು. ಈಚಿನ ನೂರೈವತ್ತು ವರ್ಷಗಳಲ್ಲಿ ವೈದ್ಯರೂ ಮನಶ್ಶಾಸ್ತ್ರಜ್ಞರೂ ಇದನ್ನು ಲೆಕ್ಕವಿಟ್ಟು ಪರೀಕ್ಷಿಸಿದ್ದಾರೆ. ಅವರು ಕಂಡುಕೊಂಡುದನ್ನೂ ಶರಣರು ನಡೆದುದನ್ನೂ ಜೊತೆಯಲ್ಲಿಟ್ಟು ನೋಡಿದರೆ ಗೃಹಸ್ಥನಾದವನಿಗೆ ಉಪಯುಕ್ತವಾದ ಹಲವು ಸಂಗತಿಗಳು ಗೋಚರಿಸುತ್ತವೆ.

ಶುಭಕಾರ್ಯದ ಭಾರ

ದುಃಖವು ಮಾತ್ರ ಮನುಷ್ಯನನ್ನು ದಣಿಸುತ್ತದೆಯೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ೧೯೬೭ರಲ್ಲಿ ಅಮೇರಿಕದ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಮನೋವೈದ್ಯರು ಬಾಳಿನ ೪೩ ಬದಲಾವಣೆಗಳನ್ನು ಪಟ್ಟಿಮಾಡಿ, ಒಂದೊಂದಕ್ಕೆ ಹೊಂದಿಕೊಳ್ಳಲು ಎಷ್ಟು ಶ್ರಮ ಬೇಕೆಂಬುದಕ್ಕೆ ಅಂಕಗಳನ್ನು ಗೊತ್ತುಪಡಿಸಿದರು. ಸಂಗಾತಿಯ ಮರಣಕ್ಕೆ ೧೦೦ ಅಂಕ; ವಿವಾಹ ವಿಚ್ಛೇದನಕ್ಕೆ ೭೩. ಇವುಗಳ ಜೊತೆಗೆ ಮದುವೆಗೂ ೫೦ ಅಂಕಗಳುಂಟು. ಮನೆಗೆ ಹೊಸಬರೊಬ್ಬರು ಸೇರುವುದಕ್ಕೆ ೩೯. ಮಂಗಳಕಾರ್ಯವೂ ದೇಹಮನಸ್ಸುಗಳಿಗೆ ಒಂದು ಹೊರೆಯೇ ಎಂದು ಇದರಿಂದ ಸಿದ್ಧವಾಗುತ್ತದೆ.

ಈ ಪಟ್ಟಿಯನ್ನು ಹಿಡಿದು ಹೊಸದಾಗಿ ಮನೆಗೆ ಬಂದ ಸೊಸೆಯ ಸ್ಥಿತಿಯನ್ನು ವಿಚಾರಿಸಬಹುದು. ಮದುವೆಯ ೫೦ ಗಂಡುಹೆಣ್ಣುಗಳಿಬ್ಬರಿಗೂ ಸಮಾನ. ಆದರೆ ವಾಸದ ಮನೆ ಬದಲಾಗುವುದಕ್ಕೆ ೨೦, ಬಾಳುವ ರೀತಿ ಬದಲಾಗುವುದಕ್ಕೆ ೨೫, ಬೀಗರ ಕಡೆಯವರೊಡನೆ ಬರುವ ತೊಡಕಿಗೆ ೨೯. ಈ ಮೂರು ಹೊರೆಗಳೂ ಹೆಚ್ಚಾಗಿ ಬೀಳುವುದು ತವರನ್ನು ಬಿಟ್ಟು ಬಂದ ಹುಡುಗಿಯ ಮೇಲೆಯೇ. ವರನು ತನ್ನ ಪಡಸಾಲೆಯಲ್ಲಿಯೇ, ತನ್ನ ತಾಯಿಯ ಕೈಯಡುಗೆಯಲ್ಲಿಯೇ ಇರುತ್ತಾನೆ; ವಧುವಿಗೆ ನೀರಿನ ರುಚಿಯೂ ಹೊಸದು. ಆಕೆ ಮೊದಲ ವರ್ಷದಲ್ಲಿ ಮಂಕಾಗಿ ಕುಳಿತರೆ, ಊಟ ಸೇರದೆ ಸೊರಗಿದರೆ, 'ಕಾಲ್ಗುಣ ಸರಿಯಿಲ್ಲ'ವೆಂದು ಆಡುವವರು ಆಕೆಯ ತಲೆಯ ಮೇಲಿರುವ ಹೊರೆಯನ್ನು ಕಾಣದವರೆಂದೇ ಹೇಳಬೇಕು. ಮನೆಗೆ ಬಂದ ಜಂಗಮನ ದಣಿವನ್ನು ವಿಚಾರಿಸದೆ ಪ್ರಸಾದಕ್ಕೆ ಕೂಡಿಸುವವರಿಲ್ಲ. ಬಾಳುವುದಕ್ಕೆಂದು ಬಂದ ಸೊಸೆಗೆ ಅಷ್ಟಾದರೂ ಆದರ ಸಲ್ಲಬೇಡವೇ?

ಮದುವೆಯಿಂದ ಬರುವ ಸಂತೋಷದ ವಿಷಯದಲ್ಲಿಯೂ ವಿವೇಕ ಬೇಕು. ಜರ್ಮನಿಯಲ್ಲಿ ೨೪,೦೦೦ಕ್ಕೂ ಮೇಲ್ಪಟ್ಟ ಜನರನ್ನು ೧೫ ವರ್ಷಗಳ ಕಾಲ ವರ್ಷವರ್ಷವೂ ಪ್ರಶ್ನಿಸಿ ಸಂಗ್ರಹಿಸಿದ ಉತ್ತರಗಳನ್ನು ೨೦೦೩ರಲ್ಲಿ ಕೆಲವರು ವಿದ್ವಾಂಸರು ಪರಿಶೀಲಿಸಿದರು. ಮದುವೆಯ ಹೊತ್ತಿನಲ್ಲಿ ಏರಿದ ಸಂತೋಷವು ಸರಾಸರಿಯಲ್ಲಿ ಕೆಲವೇ ವರ್ಷಗಳಲ್ಲಿ ಮೊದಲಿನ ಮಟ್ಟಕ್ಕೇ ಇಳಿಯುತ್ತದೆಯೆಂಬುದು ಅವರಿಗೆ ಕಂಡುಬಂದಿತು. ಆದರೆ ಎಲ್ಲರಲ್ಲಿಯೂ ಹೀಗಾಗಲಿಲ್ಲ. ಕೆಲವರು ಬಹುಕಾಲ ಮೇಲಿನ ಮಟ್ಟದಲ್ಲಿಯೇ ಉಳಿದರು, ಕೆಲವರು ಮೊದಲಿಗಿಂತಲೂ ಕೆಳಗಿಳಿದರು. ಮದುವೆಯು ಸುಖವನ್ನು ತುಂಬಿಕೊಂಡು ಬಂದ ಕೊಡವಲ್ಲ. ದಿನದಿನವೂ ನೀರು ಸೇದಬೇಕಾದ ಬಾವಿ. ಸೇದುವ ಕೈಗಳು ಎರಡಾಗಿದ್ದರೆ ಮಾತ್ರ ಹಗ್ಗ ಹಗುರವಾಗುತ್ತದೆ.

ಸಂಬಂಧವನ್ನು ಕೂಡಿಸುವಾಗ

ಸಂಬಂಧ ಬೆಳೆಸುವಾಗ ಏನನ್ನು ನೋಡಬೇಕೆಂಬ ಪ್ರಶ್ನೆಗೆ ಕಲ್ಯಾಣದ ಶರಣರು ಬಹಳ ಬೆಲೆಯನ್ನು ತೆತ್ತು ಉತ್ತರ ಕೊಟ್ಟಿದ್ದಾರೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ನಡೆದ ಮದುವೆಯ ಕಥೆ ಎಲ್ಲ ಭಕ್ತರಿಗೂ ತಿಳಿದುದೇ. ಲಿಂಗದೀಕ್ಷೆ ಪಡೆದವರಲ್ಲಿ ಪೂರ್ವದ ಜಾತಿ ಉಳಿಯುವುದಿಲ್ಲವೆಂಬ ನಂಬಿಕೆಯಿಂದ ಇಬ್ಬರು ತಂದೆಗಳು ಬೀಗರಾದರು. ಅದಕ್ಕಾಗಿ ಬಿಜ್ಜಳನ ಆಜ್ಞೆಯಿಂದ ಅವರಿಗೆ ಕಠೋರವಾದ ಶಿಕ್ಷೆಯಾಯಿತೆಂದೂ ಕಲ್ಯಾಣವು ಕ್ಷೋಭೆಗೊಂಡಿತೆಂದೂ ಪರಂಪರೆ ಹೇಳುತ್ತದೆ. ಅಂಥ ತ್ಯಾಗದ ವಾರಸುದಾರರೇ ಇಂದು ಒಳಪಂಗಡಗಳ ಹೆಸರು ಹಿಡಿದು, ಒಬ್ಬರನ್ನೊಬ್ಬರು ಮೆಚ್ಚಿದ ಹುಡುಗ ಹುಡುಗಿಯರನ್ನು ಬೇರ್ಪಡಿಸುವುದು ಎಷ್ಟು ಯೋಗ್ಯವೆಂಬುದನ್ನು ವಿಚಾರಿಸಬೇಕು.

ಒಲವೊಂದೇ ಸಾಲದೆಂಬುದೂ ನಿಜವೇ. ಗುಣ, ದುಡಿಮೆ, ದುಶ್ಚಟಗಳಿಲ್ಲದ ನಡತೆ, ಮಾತಿನಲ್ಲಿ ಸೌಮ್ಯತೆ, ಇವನ್ನು ತಂದೆತಾಯಿಗಳು ನೋಡಲೇಬೇಕು. ಆದರೆ ನೋಡಿ ಹೇಳುವುದು ಹಿರಿಯರ ಕರ್ತವ್ಯವಾದರೆ ಒಪ್ಪುವುದು ಬಾಳತಕ್ಕವರ ಅಧಿಕಾರ. ಹುಡುಗಿಗೆ ೧೮, ಹುಡುಗನಿಗೆ ೨೧ ವರ್ಷ ತುಂಬುವ ಮೊದಲು ಮದುವೆ ಕೂಡದೆಂದು ೨೦೦೬ರ ಬಾಲ್ಯವಿವಾಹ ನಿಷೇಧ ಅಧಿನಿಯಮವು ವಿಧಿಸಿರುವುದಕ್ಕೂ ಇದೇ ತಾತ್ಪರ್ಯವಿದೆ. ಒಪ್ಪಿಗೆ ಕೊಡಲು ಬುದ್ಧಿ ಬಲಿತಿರಬೇಕು.

ಮನೆಯೊಳಗಿನ ಮಾತು

ಆಯ್ದಕ್ಕಿ ಮಾರಯ್ಯನವರೂ ಲಕ್ಕಮ್ಮನವರೂ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಅದನ್ನು ಕಂಡ ಲಕ್ಕಮ್ಮನವರು ಬೇಕಾದುದಕ್ಕಿಂತ ಹೆಚ್ಚು ತಂದುದು ಆಸೆಯೆನಿಸುವುದೆಂದು ಹೇಳಿ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಸಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಈ ಕಥೆಯನ್ನು ಕೇಳುವಾಗ ಎಲ್ಲರೂ ಲಕ್ಕಮ್ಮನವರ ನಿರಾಸೆಯನ್ನು ಕೊಂಡಾಡುತ್ತಾರೆ. ಅದು ಸರಿಯೇ. ಆದರೆ ಇನ್ನೊಂದು ಸಂಗತಿಯೂ ಗಮನಿಸತಕ್ಕದ್ದಾಗಿದೆ. ಹೆಂಡತಿಯು ಗಂಡನ ತಪ್ಪನ್ನು ಎದುರಿಗೇ ಹೇಳಿದಳು. ಗಂಡನು ಸಿಡುಕದೆ ಕೇಳಿದನು. ಭಿನ್ನಾಭಿಪ್ರಾಯವಿತ್ತು, ವೈರವಿರಲಿಲ್ಲ. ಲಕ್ಕಮ್ಮನವರ ಅಂಕಿತವು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಪತಿಯನ್ನು ತಿದ್ದಿದ ನಾಲಗೆಯೇ ಪತಿಯ ಹೆಸರನ್ನು ದೇವರ ಹೆಸರಿನೊಡನೆ ಕೂಡಿಸಿ ಉಚ್ಚರಿಸಿತು. ದಾಸಿಮಯ್ಯನವರ ಪತ್ನಿ ದುಗ್ಗಳೆಯ ಅಂಕಿತವೂ ಹಡಪದ ಅಪ್ಪಣ್ಣನವರ ಪತ್ನಿ ಲಿಂಗಮ್ಮನವರ ಅಂಕಿತವೂ ಇದೇ ರೀತಿಯವು.

ಭಿನ್ನಾಭಿಪ್ರಾಯಕ್ಕೂ ವೈರಕ್ಕೂ ಇರುವ ಈ ಭೇದವು ದೇಹದ ಮೇಲೆಯೂ ಕಾಣಿಸುತ್ತದೆ. ಅಮೇರಿಕದ ಓಹಿಯೋ ಪ್ರಾಂತದ ಸಂಶೋಧಕರು ೪೨ ಜೋಡಿ ಆರೋಗ್ಯವಂತ ದಂಪತಿಗಳನ್ನು ಎರಡು ಸಲ ಆಸ್ಪತ್ರೆಯಲ್ಲಿ ಇರಿಸಿಕೊಂಡು, ತೋಳಿನ ಮೇಲೆ ಚಿಕ್ಕ ಚಿಕ್ಕ ಬೊಕ್ಕೆಗಳನ್ನು ಎಬ್ಬಿಸಿ, ಅವು ಮಾಯುವ ವೇಗವನ್ನು ಅಳೆದರು. ಒಂದು ಸಲ ದಂಪತಿಗಳು ಪರಸ್ಪರ ಆಸರೆಯ ಮಾತುಗಳನ್ನಾಡಿದರು. ಇನ್ನೊಂದು ಸಲ ತಮ್ಮೊಳಗಿನ ವಿವಾದದ ವಿಷಯವನ್ನೆತ್ತಿ ಮಾತನಾಡಿದರು. ೨೦೦೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಿವಾದದ ತರುವಾಯ ಗಾಯಗಳು ನಿಧಾನವಾಗಿ ಮಾಯ್ದವು. ಒಬ್ಬರನ್ನೊಬ್ಬರು ಹೀಯಾಳಿಸಿ ದ್ವೇಷದಿಂದ ಮಾತನಾಡುವ ಸ್ವಭಾವದ ದಂಪತಿಗಳ ಗಾಯಗಳಂತೂ, ಸೌಮ್ಯರಾದ ದಂಪತಿಗಳ ಗಾಯಗಳು ಮಾಯುವ ವೇಗದ ನೂರಕ್ಕೆ ೬೦ರಷ್ಟು ವೇಗದಲ್ಲಿ ಮಾತ್ರ ಮಾಯ್ದವು. ಕೋಪವು ಎದುರಿನವರನ್ನು ಮುಟ್ಟುವ ಮೊದಲೇ ಕೋಪಿಸಿದವನ ಮನೆಯನ್ನು ಸುಡುತ್ತದೆಯೆಂಬ ಬಸವಣ್ಣನವರ ಬೋಧೆಯು ಅಲಂಕಾರದ ಮಾತಲ್ಲವೆಂಬುದು ಇದರಿಂದ ದೃಢವಾಗುತ್ತದೆ.

ಆದುದರಿಂದ ಜಗಳವೇ ಇಲ್ಲದ ಮನೆ ಒಳ್ಳೆಯ ಮನೆಯೆಂದು ತಿಳಿಯಬಾರದು. ಒಬ್ಬರು ಹೆದರಿ ಬಾಯಿ ಮುಚ್ಚಿಕೊಂಡಿರುವ ಮನೆಯಲ್ಲಿಯೂ ಜಗಳ ಕೇಳಿಸುವುದಿಲ್ಲ. ಭಿನ್ನಾಭಿಪ್ರಾಯವನ್ನು ನಿರ್ಭಯವಾಗಿ ಹೇಳಲು, ಹೇಳಿದುದನ್ನು ಅಪಮಾನವೆಂದು ಎಣಿಸದೆ ಕೇಳಲು ಎಡೆಯಿರುವ ಮನೆಯೇ ಒಳ್ಳೆಯ ಮನೆ.

ಮಕ್ಕಳೂ ಮನೆಯ ಹಿಸೆಯೂ

ಮಕ್ಕಳು ಹುಟ್ಟಿದ ಮೇಲೆ ದಂಪತಿಗಳ ಮಾತೆಲ್ಲವೂ ಮಕ್ಕಳ ವಿಷಯವೇ ಆಗಿಬಿಡುತ್ತದೆ. ಮಗುವಿನ ಪಾಲನೆ, ಶಾಲೆಯ ಫೀಜು, ಮಗಳ ಮದುವೆ, ಹೀಗೆ ಇಪ್ಪತ್ತೈದು ವರ್ಷಗಳು ಕಳೆದು, ಕಡೆಗೆ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೊರಟುಹೋದಾಗ, ಪಡಸಾಲೆಯಲ್ಲಿ ಉಳಿದ ಇಬ್ಬರಿಗೆ ಆಡಲು ಮಾತೇ ಇರುವುದಿಲ್ಲ. ಇದಕ್ಕೆ ಪರಿಹಾರವನ್ನು ಮುಪ್ಪಿನಲ್ಲಿ ಹುಡುಕಿದರೆ ಸಿಗದು. ಮಕ್ಕಳು ಚಿಕ್ಕವರಿದ್ದಾಗಲೇ ದಿನದಲ್ಲೊಂದು ಹೊತ್ತು ಇಬ್ಬರೂ ಜೊತೆಯಲ್ಲಿ ಕುಳಿತು ಇಷ್ಟಲಿಂಗಪೂಜೆ ಮಾಡುವ, ಒಂದು ವಚನವನ್ನು ಓದಿ ಅದರ ವಿಷಯವಾಗಿ ಮಾತನಾಡುವ ಅಭ್ಯಾಸವನ್ನು ಇಟ್ಟುಕೊಂಡವರಿಗೆ ಆ ಬರಿದುತನ ಬಾಧಿಸುವುದಿಲ್ಲ. ಏಕಮನಸ್ಕರಾದ ಸತಿಪತಿಗಳ ಭಕ್ತಿಯೇ ಶಿವನಿಗೆ ಮೆಚ್ಚಿಗೆಯೆಂದು ದೇವರ ದಾಸಿಮಯ್ಯನವರು ಬೋಧಿಸಿದುದರಲ್ಲಿ ಈ ಲೌಕಿಕ ಹಿತವೂ ಅಡಗಿದೆ.

ಮನೆ ಒಡೆಯುವ ಕಾಲದಲ್ಲಿ ಅಣ್ಣತಮ್ಮಂದಿರ ಮನಸ್ಸು ಕೆಡುವುದು ಆಸ್ತಿಗಿಂತಲೂ ಹೆಚ್ಚಾಗಿ ಮುಚ್ಚುಮರೆಯಿಂದ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆಯೇ ಹಕ್ಕುಂಟೆಂದು ಕರ್ನಾಟಕವು ೧೯೯೪ರಲ್ಲಿಯೂ ಭಾರತ ಸರ್ಕಾರವು ೨೦೦೫ರಲ್ಲಿಯೂ ಕಾನೂನನ್ನು ತಿದ್ದಿದವು. ಅರಿಶಿನ ಕುಂಕುಮದ ನೆಪದಲ್ಲಿ ಒಂದು ಸೀರೆ ಕೊಟ್ಟು, ಓದಿಸದೆ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳುಹಿಸಿದ ತಂಗಿಗೆ ಮುಂದೆ ಕಷ್ಟ ಬಂದಾಗ ತವರಿನ ಬಾಗಿಲು ಅರ್ಧ ಮುಚ್ಚಿದಂತೆ ಕಾಣುತ್ತದೆ. ಹೊಲವನ್ನು ಅಳೆಯುವ ಮೊದಲು ಎಲ್ಲರನ್ನೂ ಕೂಡಿಸಿ, ಹೆಣ್ಣುಮಕ್ಕಳ ಎದುರಿನಲ್ಲಿಯೇ ಲೆಕ್ಕವನ್ನು ಬಿಚ್ಚಿಡುವುದು ಸತ್ಯಶುದ್ಧ ಕಾಯಕಕ್ಕೆ ಒಪ್ಪುವ ನಡತೆ.

ಜೊತೆ ಮುರಿದಾಗ

ಎಲ್ಲ ಪ್ರಯತ್ನಗಳೂ ನಿಷ್ಫಲವಾಗಿ ಜೊತೆ ಮುರಿಯುವ ಸಂದರ್ಭಗಳೂ ಉಂಟು. ಉಡುತಡಿಯ ಮಹಾದೇವಿಯ ಚರಿತ್ರೆಯನ್ನು ಹರಿಹರನು ಒಂದು ರೀತಿಯಾಗಿ, ಚಾಮರಸನು ಇನ್ನೊಂದು ರೀತಿಯಾಗಿ ಹೇಳುತ್ತಾನೆ. ಹರಿಹರನ ಪ್ರಕಾರ ಆಕೆ ಕೌಶಿಕನನ್ನು ಷರತ್ತುಗಳ ಮೇಲೆ ವರಿಸಿ, ಅವನು ಆ ಷರತ್ತುಗಳನ್ನು ಮುರಿದಾಗ ಅರಮನೆಯನ್ನು ಬಿಟ್ಟು ಹೊರಟಳು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಮದುವೆಯೇ ನಡೆಯುವುದಿಲ್ಲ. ಕಲ್ಯಾಣದಲ್ಲಿ ನಡೆದುದನ್ನು ಪರಂಪರೆಯು ಹೀಗೆ ಹೇಳುತ್ತದೆ. ಅಲ್ಲಮಪ್ರಭುಗಳು ಆಕೆಯ ನಿಲುವನ್ನು ಪ್ರಶ್ನೆಗಳಿಂದ ಪರೀಕ್ಷಿಸಿದರು. ನಿಲುವು ಗಟ್ಟಿಯೆಂದು ತಿಳಿದ ಮೇಲೆ ಶರಣರೆಲ್ಲರೂ ಆಕೆಯನ್ನು 'ಅಕ್ಕ' ಎಂದು ಕರೆದರು. ಬಿಟ್ಟು ಬಂದ ಮನೆಗೆ ಹಿಂದಿರುಗೆಂದು ಯಾರೂ ಹೇಳಲಿಲ್ಲ.

ಅಕ್ಕನ ವೈರಾಗ್ಯವು ಎಲ್ಲರಿಗೂ ಸಾಧ್ಯವಾದುದಲ್ಲ. ಆಕೆಯ ಮಾರ್ಗವನ್ನು ಸಾಮಾನ್ಯ ಸಂಸಾರಕ್ಕೆ ಅಳತೆಗೋಲಾಗಿ ಹಿಡಿಯುವುದೂ ಸರಿಯಲ್ಲ. ಆದರೆ ಶರಣರು ಆಕೆಯನ್ನು ಬರಮಾಡಿಕೊಂಡ ರೀತಿ ಎಲ್ಲ ತಂದೆತಾಯಿಗಳಿಗೂ ಪಾಠವಾಗತಕ್ಕದ್ದು. ಗಂಡನ ಮನೆಯಲ್ಲಿ ಪೆಟ್ಟು ತಿಂದು ತವರಿಗೆ ಬಂದ ಮಗಳಿಗೆ 'ಹೇಗಾದರೂ ಹೊಂದಿಕೊ, ನಮ್ಮ ಮರ್ಯಾದೆ ಉಳಿಸು' ಎಂದು ಹೇಳಿ ಮರುದಿನವೇ ಬಸ್ಸು ಹತ್ತಿಸುವುದು ಮರ್ಯಾದೆಯಲ್ಲ. ಮೊದಲು ವಿಚಾರಿಸಬೇಕು. ಸಣ್ಣ ಮಾತಿನ ಮನಸ್ತಾಪವಾದರೆ ಹಿರಿಯರು ನಡುವೆ ನಿಂತು ಸರಿಪಡಿಸಬೇಕು. ಹೊಡೆತ, ಕುಡಿತ, ಕ್ರೌರ್ಯಗಳಾದರೆ ಮಗಳನ್ನು ಮನೆಯಲ್ಲಿರಿಸಿಕೊಂಡು ರಕ್ಷಿಸಬೇಕು. ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು ಅಂಥವಳಿಗೆ ರಕ್ಷಣೆಯನ್ನೂ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಡುತ್ತದೆ. ವೀರಶೈವರೂ ಲಿಂಗಾಯತರೂ ಹೆಸರಿನಿಂದಲೇ ಒಳಗೊಂಡಿರುವ ೧೯೫೫ರ ಹಿಂದೂ ವಿವಾಹ ಅಧಿನಿಯಮದಲ್ಲಿ ವಿಚ್ಛೇದನಕ್ಕೆ ಅವಕಾಶವಿದೆ. ಇಬ್ಬರೂ ಒಪ್ಪಿ ಬೇರೆಯಾಗುವ ವಿಧಿಯನ್ನು ೧೯೭೬ರಲ್ಲಿ ಅದಕ್ಕೆ ಸೇರಿಸಲಾಯಿತು. ಬೇರೆಯಾದವರೂ ಮಕ್ಕಳ ಎದುರಿನಲ್ಲಿ ಒಬ್ಬರನ್ನೊಬ್ಬರು ನಿಂದಿಸದಿರುವುದು ಅತ್ಯವಶ್ಯ. ಮಗುವಿಗೆ ತಾಯಿತಂದೆಗಳಿಬ್ಬರೂ ಬೇಕು. ಒಬ್ಬರ ನಿಂದೆಯನ್ನು ಕೇಳುವಾಗ ಅದು ತನ್ನ ಅರ್ಧಭಾಗದ ನಿಂದೆಯನ್ನೇ ಕೇಳುತ್ತದೆ.

ಸಂಗಾತಿ ಅಗಲಿದಾಗ

ಆಯುಷ್ಯದ ತಿರುವುಗಳಲ್ಲೆಲ್ಲ ಕಠಿನವಾದುದು ಸಂಗಾತಿಯ ಮರಣ. ಮೇಲೆ ಹೇಳಿದ ಪಟ್ಟಿಯಲ್ಲಿ ಅದಕ್ಕೇ ನೂರು ಅಂಕಗಳು. ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳಲ್ಲಿ ಹೆಂಡತಿಯನ್ನು ಕಳೆದುಕೊಂಡ, ೫೫ ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ೪,೪೮೬ ಗಂಡಸರ ವಿಷಯವಾಗಿ ೧೯೬೯ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಮರಣದ ಪ್ರಮಾಣವು ಅದೇ ವಯಸ್ಸಿನ ವಿವಾಹಿತರದಕ್ಕಿಂತ ನೂರಕ್ಕೆ ೪೦ರಷ್ಟು ಹೆಚ್ಚಾಗಿದ್ದು, ಅನಂತರ ಕ್ರಮೇಣ ಇಳಿಯಿತು. ಈ ಹೆಚ್ಚಳವು ಹೃದಯದ ವ್ಯಾಧಿಯಿಂದಾದ ಮರಣಗಳಲ್ಲಿಯೇ ಎಲ್ಲಕ್ಕಿಂತ ಅಧಿಕವಾಗಿತ್ತು. 'ಎದೆಯೊಡೆದು ಸತ್ತ'ನೆಂಬ ಹಳ್ಳಿಯ ಮಾತು ಸುಳ್ಳಲ್ಲ. ಜರ್ಮನಿಯ ಅಧ್ಯಯನದಲ್ಲಿಯೂ ಸಂಗಾತಿಯನ್ನು ಕಳೆದುಕೊಂಡವರ ಮನಸ್ಸು ಮೊದಲಿನ ಮಟ್ಟದ ಸಮೀಪಕ್ಕೆ ಬರಲು ಸರಾಸರಿಯಲ್ಲಿ ೭-೮ ವರ್ಷಗಳು ಬೇಕಾದವು.

ಇದರಿಂದ ಕಲಿಯತಕ್ಕದ್ದು ಬಹಳ. ಲಿಂಗೈಕ್ಯರಾದ ದಿನದಿಂದ ಶಿವಗಣಾರಾಧನೆಯವರೆಗೆ ಮನೆಯ ತುಂಬ ಜನರಿರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಅಪಾಯದ ಕಾಲವಾದರೋ ಆಗಲೇ ಪ್ರಾರಂಭ. ಗಂಡಸು ಎದೆಗಟ್ಟಿಯವನು, ಅವನಿಗೆ ಸಮಾಧಾನ ಬೇಕಿಲ್ಲವೆಂದು ತಿಳಿಯುವುದು ತಪ್ಪು. ನಲವತ್ತು ವರ್ಷ ಕೈಯಲ್ಲಿ ಊಟದ ತಾಟು ಪಡೆದವನಿಗೆ ಒಲೆ ಹಚ್ಚಲೂ ಬಾರದಿರಬಹುದು. ದುಃಖವನ್ನು ಹೇಳಿಕೊಳ್ಳಲು ಅದಕ್ಕಿಂತಲೂ ಬಾರದಿರಬಹುದು. ನೆಂಟರೂ ಓಣಿಯವರೂ ಕನಿಷ್ಠಪಕ್ಷ ಆರು ತಿಂಗಳ ಕಾಲ ಪಾಳಿಯಂತೆ ಹೋಗಿ ಬರುವುದು, ಊಟಕ್ಕೆ ಕರೆಯುವುದು, ಔಷಧ ತಪ್ಪದಂತೆ ನೋಡುವುದು ಸಾವಿನ ದಿನ ಹೂಮಾಲೆ ಒಯ್ಯುವುದಕ್ಕಿಂತ ದೊಡ್ಡ ಸೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ದುಃಖದ ಮೇಲೆ ಇನ್ನೊಂದು ಭಾರವನ್ನು ಸಮಾಜವೇ ಹೊರಿಸುತ್ತದೆ. ನಿನ್ನೆಯವರೆಗೆ ಮನೆಯ ಯಜಮಾನಿಯಾಗಿದ್ದವಳು ಇಂದು ಮಗಳ ಕುಬಸದಲ್ಲಿ ಉಡಿ ತುಂಬಲು ಮುಂದೆ ಬರುವಂತಿಲ್ಲ. ಮೊಮ್ಮಗನ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಅಡುಗೆಮನೆಯಲ್ಲಿ ಕೂಡಬೇಕು. ಈ ಆಚಾರಕ್ಕೆ ಶರಣಧರ್ಮದಲ್ಲಿ ಆಧಾರವೇನು? ವಿಚಾರಿಸಿದರೆ ಯಾವುದೂ ಇಲ್ಲ.

ಕಾರಣಗಳು ಮೂರು. ಮೊದಲನೆಯದಾಗಿ, ಶರಣರು ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಲಿಂಗಧಾರಿಗಳಿಗೆ ಇಲ್ಲವೆಂದು ತಳ್ಳಿಹಾಕಿದರು. ಮರಣದಿಂದ ಮನೆಗೇ ಸೂತಕವಿಲ್ಲವೆಂದ ಮೇಲೆ, ಆ ಮರಣದಿಂದ ಹೆಂಡತಿಯ ದೇಹಕ್ಕೆ ಆಯುಷ್ಯಪರ್ಯಂತ ಅಮಂಗಳವು ಅಂಟಿಕೊಳ್ಳುವುದು ಹೇಗೆ? ಎರಡನೆಯದಾಗಿ, ಇಷ್ಟಲಿಂಗದೀಕ್ಷೆಯು ಹೆಣ್ಣಿಗೆ ಗಂಡಿನಂತೆಯೇ ಸ್ವತಂತ್ರವಾಗಿ ಆಗುತ್ತದೆ. ಆಕೆ ಪೂಜಿಸುವುದು ತನ್ನ ಅಂಗೈಯ ಲಿಂಗವನ್ನು, ಪತಿಯ ಲಿಂಗವನ್ನಲ್ಲ. ಪತಿಯು ಲಿಂಗೈಕ್ಯನಾದಾಗ ಅವನ ಇಷ್ಟಲಿಂಗವು ಅವನೊಡನೆ ಹೋಗುತ್ತದೆ. ಆಕೆಯ ಎದೆಯ ಮೇಲಿನ ಲಿಂಗವು ಆಕೆಯಲ್ಲಿಯೇ ಉಳಿಯುತ್ತದೆ. ಲಿಂಗವಿರುವ ಎದೆ ಅಮಂಗಳವೆಂದು ಹೇಳುವವರು ಲಿಂಗವನ್ನೇ ಅಮಂಗಳವೆಂದು ಹೇಳಿದಂತಾಗುತ್ತದೆ. ಮೂರನೆಯದಾಗಿ, 'ಶರಣಸತಿ ಲಿಂಗಪತಿ' ಎಂಬ ಭಾವದಲ್ಲಿ ಗಂಡಾಗಲಿ ಹೆಣ್ಣಾಗಲಿ ಭಕ್ತರೆಲ್ಲರೂ ಸತಿಯರು, ಪತಿಯು ಲಿಂಗನೊಬ್ಬನೇ. ಆ ಪತಿಗೆ ಮರಣವಿಲ್ಲ. ಆದುದರಿಂದ ಭಕ್ತೆಯಾದವಳಿಗೆ ತತ್ತ್ವತಃ ವೈಧವ್ಯವೇ ಇಲ್ಲ.

ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ತೆರಳಿದ ಅನಂತರದ ಕಥೆಯನ್ನು ಪರಂಪರೆಯು ಹೇಳುವಂತೆ, ನೀಲಾಂಬಿಕೆಯವರು ಕೃಷ್ಣಾತೀರದ ತಂಗಡಗಿಯಲ್ಲಿಯೂ ಗಂಗಾಂಬಿಕೆಯವರು ಮಲಪ್ರಭಾತೀರದ ಎಂ. ಕೆ. ಹುಬ್ಬಳ್ಳಿಯ ಬಳಿಯಲ್ಲಿಯೂ ಐಕ್ಯರಾದರು. ಆ ಎರಡು ಸ್ಥಳಗಳಿಗೂ ಇಂದಿಗೂ ಭಕ್ತರು ಹೋಗಿ ಶರಣು ಸಲ್ಲಿಸುತ್ತಾರೆ. ಪತಿಯನ್ನು ಅಗಲಿದ ಆ ತಾಯಂದಿರ ಗದ್ದುಗೆಗೆ ಹಣೆಹಚ್ಚಿ ಬಂದವರು ತಮ್ಮ ಮನೆಯ ತಾಯಿಯನ್ನು ಉಡಿ ತುಂಬುವಾಗ ಹಿಂದೆ ಸರಿಸುವುದು ಎಂಥ ಭಕ್ತಿ?

ಎಳೆಯ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡವಳ ಪುನರ್ವಿವಾಹಕ್ಕೂ ಇದೇ ನ್ಯಾಯವು ಅನ್ವಯಿಸುತ್ತದೆ. ವಿಧವಾ ವಿವಾಹಕ್ಕೆ ಶಾಸನದ ಮನ್ನಣೆ ದೊರೆತುದು ೧೮೫೬ರಲ್ಲಿ. ಲಿಂಗಾಯತ ಸಮಾಜದ ಅನೇಕ ಪಂಗಡಗಳಲ್ಲಿ 'ಉಡಿಕೆ'ಯ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಅದನ್ನು ಮದುವೆಗಿಂತ ಕೀಳೆಂದು ಭಾವಿಸಿ, ಸದ್ದಿಲ್ಲದೆ ಮುಗಿಸುವುದೇ ರೂಢಿಯಾಯಿತು. ಹೆಂಡತಿ ಸತ್ತ ಗಂಡನಿಗೆ ಬಾಜಾಭಜಂತ್ರಿಯೊಡನೆ ಮರುಮದುವೆ ಮಾಡುವವರು ಹೆಣ್ಣಿನ ಪಾಲಿಗೆ ಅದನ್ನು ಲಜ್ಜೆಯ ಕಾರ್ಯವನ್ನಾಗಿ ಮಾಡುವುದು ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂದು ಸಾರಿದ ಧರ್ಮಕ್ಕೆ ಒಪ್ಪುವುದಿಲ್ಲ. ಮರುಮದುವೆ ಬೇಡವೆನ್ನುವವಳನ್ನು ಬಲಾತ್ಕರಿಸುವುದೂ ಸಲ್ಲದು. ಆಕೆಯ ಇಚ್ಛೆಯೇ ಪ್ರಮಾಣ.

ಮುಪ್ಪಿನ ಕಾಲ

ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ೧೯೩೮ರಲ್ಲಿ ಪ್ರಾರಂಭವಾದ ಒಂದು ಅಧ್ಯಯನವು ಎಂಬತ್ತು ವರ್ಷಗಳಿಗೂ ಮೀರಿ ನಡೆದುಬಂದಿದೆ. ಆ ವಿಶ್ವವಿದ್ಯಾಲಯದ ೨೬೮ ವಿದ್ಯಾರ್ಥಿಗಳನ್ನೂ ಬಾಸ್ಟನ್ ನಗರದ ಬಡ ಕೇರಿಗಳ ೪೫೬ ಹುಡುಗರನ್ನೂ ಆಯ್ದುಕೊಂಡು, ಅವರ ಆರೋಗ್ಯ, ಉದ್ಯೋಗ, ಸಂಸಾರಗಳನ್ನು ಮುಪ್ಪಿನವರೆಗೂ ವಿಚಾರಿಸುತ್ತ ಬಂದರು. ಮುಂದೆ ಅವರ ಹೆಂಡಿರೂ ಮಕ್ಕಳೂ ಅದರಲ್ಲಿ ಸೇರಿದರು. ಐವತ್ತನೆಯ ವಯಸ್ಸಿನಲ್ಲಿ ತಮ್ಮ ಸಂಬಂಧಗಳಿಂದ ತೃಪ್ತರಾಗಿದ್ದವರೇ ಎಂಬತ್ತನೆಯ ವಯಸ್ಸಿನಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರೆಂಬುದು ಅದರ ಮುಖ್ಯ ಫಲಿತಾಂಶ. ರಕ್ತದಲ್ಲಿನ ಕೊಬ್ಬಿನ ಅಂಶಕ್ಕಿಂತಲೂ ಈ ತೃಪ್ತಿಯೇ ಮುಂದಿನ ಆರೋಗ್ಯವನ್ನು ಚೆನ್ನಾಗಿ ಸೂಚಿಸಿತು. ಎಂಬತ್ತರ ಆಸುಪಾಸಿನ ದಂಪತಿಗಳನ್ನು ವಿಚಾರಿಸಿದಾಗ, ದಾಂಪತ್ಯದಲ್ಲಿ ತೃಪ್ತಿಯುಳ್ಳವರು ಮೈನೋವು ಹೆಚ್ಚಾದ ದಿನಗಳಲ್ಲಿಯೂ ಪ್ರಸನ್ನಚಿತ್ತರಾಗಿಯೇ ಇದ್ದರೆಂದೂ, ಅತೃಪ್ತರಾದವರಿಗೆ ದೇಹದ ನೋವಿನೊಡನೆ ಮನಸ್ಸೂ ಕುಗ್ಗಿತೆಂದೂ ಕಂಡುಬಂದಿತು.

ಇಲ್ಲೊಂದು ಎಚ್ಚರಿಕೆಯೂ ಬೇಕು. ಇವೆಲ್ಲವೂ ಪರದೇಶಗಳಲ್ಲಿ ನಡೆದ ಅಧ್ಯಯನಗಳು. ಹಾರ್ವರ್ಡಿನದಂತೂ ಗಂಡಸರಿಂದಲೇ ಪ್ರಾರಂಭವಾದುದು. ಆರೋಗ್ಯವಂತರು ಸುಲಭವಾಗಿ ಸಂಬಂಧಗಳನ್ನು ಉಳಿಸಿಕೊಳ್ಳುತ್ತಾರೆಂಬುದೂ ಒಂದು ಕಾರಣವಾಗಿರಬಹುದು. ಮದುವೆಯಾಗದವರೂ ಮಕ್ಕಳಿಲ್ಲದವರೂ ಕ್ಷೇಮವಾಗಿ ಬಾಳಲಾರರೆಂದು ಇದರ ಅರ್ಥವಲ್ಲ. ಗೆಳೆಯರು, ಒಡಹುಟ್ಟಿದವರು, ಓಣಿಯವರು, ಮಠದ ಸತ್ಸಂಗ, ಇವೂ ಸಂಬಂಧಗಳೇ. ಒಬ್ಬಂಟಿತನವೇ ವಿಷ. ಅನುಭವ ಮಂಟಪವು ತತ್ತ್ವಚರ್ಚೆಯ ಸ್ಥಾನವಾಗಿದ್ದಂತೆಯೇ ಮನೆಮಾರು ಬಿಟ್ಟು ಬಂದವರಿಗೆ ಬಂಧುಬಳಗವೂ ಆಗಿತ್ತೆಂಬುದನ್ನು ನೆನೆಯಬೇಕು.

ಮುಪ್ಪಿನವರನ್ನು ನೋಡಿಕೊಳ್ಳುವ ಹೊಣೆಯನ್ನು ೨೦೦೭ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮವು ಮಕ್ಕಳ ಮೇಲೆ ಇಟ್ಟಿದೆ. ಮಕ್ಕಳು ಕೈಬಿಟ್ಟರೆ ತಂದೆತಾಯಿಗಳು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಮಕ್ಕಳಿಂದ ಅನ್ನವನ್ನು ಕಾನೂನಿನ ಮೂಲಕ ಕೇಳಬೇಕಾಗಿ ಬರುವುದು ದುಃಖದ ಸಂಗತಿ. ಆದರೆ ಹಸಿದಿರುವುದು ಅದಕ್ಕಿಂತಲೂ ದುಃಖದ್ದು. ಇನ್ನೂ ಬದುಕಿರುವಾಗಲೇ ಹೊಲಮನೆಯನ್ನೆಲ್ಲ ಮಕ್ಕಳ ಹೆಸರಿಗೆ ಬರೆದುಕೊಟ್ಟು ಬರಿಗೈಯಾಗುವ ಮೊದಲು ಹಿರಿಯರು ಎರಡು ಸಲ ವಿಚಾರಿಸುವುದು ಒಳ್ಳೆಯದು.

ಗೃಹಸ್ಥರು ನಡೆಸತಕ್ಕವು

ಮೇಲಿನ ವಿಚಾರದಿಂದ ನಿಷ್ಪನ್ನವಾಗುವ ಕರ್ತವ್ಯಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

ಒಂದು: ಹೊಸ ಸೊಸೆಗೆ ಮೊದಲ ವರ್ಷದಲ್ಲಿ ಕೆಲಸಕ್ಕಿಂತ ಆದರವನ್ನು ಹೆಚ್ಚಾಗಿ ಕೊಡಬೇಕು.

ಎರಡು: ಗಂಡಹೆಂಡಿರು ಭಿನ್ನಾಭಿಪ್ರಾಯವನ್ನು ಮುಚ್ಚಿಡಬಾರದು, ಹೇಳುವಾಗ ಹೀಯಾಳಿಸಬಾರದು.

ಮೂರು: ಮಕ್ಕಳ ಮಾತಲ್ಲದೆ ತಮ್ಮಿಬ್ಬರದೇ ಆದ ಒಂದು ಹೊತ್ತನ್ನು ದಿನವೂ ಉಳಿಸಿಕೊಳ್ಳಬೇಕು.

ನಾಲ್ಕು: ಕಷ್ಟದಲ್ಲಿರುವ ಮಗಳಿಗೆ ತವರಿನ ಬಾಗಿಲು ತೆರೆದಿರಬೇಕು, ಆಸ್ತಿಯ ಲೆಕ್ಕದಲ್ಲಿಯೂ ಆಕೆಗೆ ಅನ್ಯಾಯವಾಗಬಾರದು.

ಐದು: ಸಂಗಾತಿಯನ್ನು ಕಳೆದುಕೊಂಡವರನ್ನು ಆರು ತಿಂಗಳವರೆಗಾದರೂ ಒಂಟಿಯಾಗಿ ಬಿಡಬಾರದು.

ಆರು: ಮನೆಯ ಮುಂದಿನ ಮಂಗಳಕಾರ್ಯದಲ್ಲಿ, ಪತಿಯನ್ನು ಅಗಲಿದ ತಾಯಿಯನ್ನೋ ಅತ್ತೆಯನ್ನೋ ಮೊದಲು ಕರೆದು ಆಕೆಯ ಕೈಯಿಂದಲೇ ಉಡಿ ತುಂಬಿಸಬೇಕು.

ಈ ಆರರಲ್ಲಿ ಕಡೆಯದು ಖರ್ಚಿಲ್ಲದ್ದು. ಆದರೆ ಧೈರ್ಯವನ್ನು ಬೇಡುವಂಥದು. ಯಾರಾದರೊಬ್ಬರು ಮೊದಲು ಮಾಡಿದರೆ ಓಣಿಯಲ್ಲಿ ನಾಲ್ಕು ದಿನ ಮಾತು ಹುಟ್ಟಬಹುದು. ಮರುವರ್ಷ ಇನ್ನೊಂದು ಮನೆಯವರು ಮಾಡುತ್ತಾರೆ. ಲಿಂಗವನ್ನು ಎದೆಯ ಮೇಲೆ ಧರಿಸಿದ ತಾಯಿಯೊಬ್ಬಳು ತನ್ನ ಮಗಳ ಕುಬಸದ ದಿನ ಅಡುಗೆಮನೆಯ ಕತ್ತಲೆಯಲ್ಲಿ ಕಣ್ಣೊರೆಸಿಕೊಳ್ಳುವುದು ಯಾವ ಮನೆಯಲ್ಲಿ ನಿಲ್ಲುತ್ತದೆಯೋ, ಆ ಮನೆಯಲ್ಲಿ ಶರಣರ ವಚನವು ಗ್ರಂಥದಿಂದ ನಡತೆಗೆ ಇಳಿದು ಬಂದಿತೆಂದು ಸದ್ಭಕ್ತರು ಅರಿಯತಕ್ಕದ್ದು.